ಹಗೆಗೂ ಜೋಡಿ ಕಟ್ಟಬೇಕು ಸ್ವಾಮೀ!

ಗಾಂಧಿ ಕ್ಲಾಸಿನಿಂದ

ಮೊನ್ನೆ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನ ಪುಸ್ತಕದ ಅಂಗಡಿ ಮುಂದೆ ಇಬ್ಬರು ಹುಡುಗರು ಜಗಳಕ್ಕೆ ನಿಂತಿದ್ದರು. ಗಾಬರಿಯಾಗಬೇಡಿ, ಕೈಕೈ ಮಿಲಾಯಿಸುವ ಜಗಳವಲ್ಲ. ಪಿಚ್ಚರ್ ಜಗಳ! ಒಬ್ಬನ ಬನಿಯನ್ನಿನ ಮೇಲೆ ಸುಣ್ಣ ಬಳಿದಂಥ ಮುಖ, ಕಿವಿಯವರೆಗೆ ಹರಿದ ಕೆಂಪು ಬಾಯಿಯ ಜೋಕರ್. ಇನ್ನೊಬ್ಬನ ಕೈಯಲ್ಲಿ ನಮ್ಮ ಪತ್ರಿಕೆ. (ಅದಕ್ಕೇ ನಾನು ಅಲ್ಲಿ ನಿಂತೆ, ಸುಳ್ಳು ಯಾಕೆ ಹೇಳಲಿ.)

"ವಿಲನ್ ಅಂದ್ರೆ ಇವನು ಕಣೋ! ಬ್ಯಾಟ್‌ಮನ್ ನಿದ್ದೆ ಕೆಡಿಸಿದೋನು. ನಮ್ಮಲ್ಲಿ ಇಂಥೋನು ಒಬ್ಬ ಇದಾನಾ? ಎಲ್ಲಾ ಏಟು ತಿನ್ನೋಕೆ ಬರೋರೆ."

"ವಜ್ರಮುನಿ ಪಿಚ್ಚರ್ ನೋಡಿದೀಯೇನೋ?"

"ಫೋನಲ್ಲಿ ನೋಡಿದೀನಿ. ಕಣ್ಣು ಬಿಡ್ತಾರೆ, ಕೂಗ್ತಾರೆ. ಅಷ್ಟೇ ತಾನೆ?"

ಅಷ್ಟರಲ್ಲಿ ನಂಜನಗೂಡಿನ ಬಸ್ಸು ಬಂತು. ಇಬ್ಬರೂ ಜಗಳವನ್ನು ಬಗಲಲ್ಲಿಟ್ಟುಕೊಂಡೇ ಹತ್ತಿದರು, ಒಂದೇ ಸೀಟಿನಲ್ಲಿ ಕೂತರು. ನನ್ನ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಇಳಿಯದೆ ಕೂತುಬಿಟ್ಟಿತು. ಖಳ ಅಂದರೆ ಯಾರು? ಏಟು ತಿಂದು ಹೋಗುವವನು ಸಾವಿರ ಮಂದಿ. ನಾಯಕನ ಜನ್ಮಕ್ಕೆ ಗಂಟುಬಿದ್ದು, ಪಿಚ್ಚರ್ ಮುಗಿದ ಮೇಲೂ ನಮ್ಮ ಜೊತೆ ಮನೆಗೆ ಬರುವವನು ಒಬ್ಬನೋ ಇಬ್ಬರೋ. ಅವನಲ್ಲಿ ಅಂಥದ್ದೇನಿರುತ್ತೆ?

ಈ ಪ್ರಶ್ನೆ ಕೇಳೋಕೆ ಮೈಸೂರಿಗಿಂತ ಒಳ್ಳೇ ಊರು ಬೇಕೇ? ಅಲ್ಲಾ ಸ್ವಾಮೀ, ಲೋಕದಲ್ಲೆಲ್ಲ ಊರಿಗೆ ದೇವರ ಹೆಸರು, ರಾಜನ ಹೆಸರು ಇಡುತ್ತಾರೆ. ನಮ್ಮೂರಿಗೆ ಖಳನ ಹೆಸರು! ಮಹಿಷನ ಊರು ಮೈಸೂರು. ಕೊಂದವಳು ಬೆಟ್ಟದ ಮೇಲೆ ದೇವಿಯಾಗಿ ಕೂತಿದ್ದಾಳೆ, ಸತ್ತವನು ಕೆಳಗೆ ಊರಾಗಿ ಬಿದ್ದುಕೊಂಡಿದ್ದಾನೆ. ಚಾಮುಂಡಿ ಬೆಟ್ಟಕ್ಕೆ ಹೋದವರಿಗೆ ಗೊತ್ತು, ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ಮೀಸೆ ತಿರುವಿ ನಿಂತ ಬಣ್ಣದ ಮಹಿಷಾಸುರನ ಮುಂದೆ ಫೋಟೋ ತೆಗೆಸಿಕೊಳ್ಳದೆ ಯಾರೂ ಇಳಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೆಲವರು, ಅವನು ರಾಕ್ಷಸನಲ್ಲ, ಈ ನಾಡನ್ನಾಳಿದ ದೊರೆ ಎಂದು ಮಹಿಷ ದಸರಾ ಮಾಡಲು ಹೊರಟಿದ್ದಾರೆ. ಕೂಡದು ಅನ್ನುವವರು ಇನ್ನೊಂದು ಕಡೆ. ಯಾರು ಸರಿ ಅಂತ ತೀರ್ಪು ಕೊಡೋಕೆ ನಾನು ಪಂಡಿತನಲ್ಲ, ಪಿಯುಸಿ ಅರ್ಧಕ್ಕೇ ಬಿಟ್ಟವನು. ಆದರೆ ಒಂದು ಮಾತು. ಎಂದೋ ಸತ್ತ ಖಳನಿಗಾಗಿ ಇವತ್ತು ಒಂದು ಊರು ಜಗಳ ಆಡುತ್ತೆ ಅಂದರೆ ಅವನು ಸಾಮಾನ್ಯ ಖಳನೇ?

ಆ ಮಹಿಷನ ಪಾತ್ರ ಮಾಡಿದವರು ಯಾರು ಬಲ್ಲಿರಾ? ಸಾಕ್ಷಾತ್ ಅಣ್ಣಾವ್ರು! 1959ರ ಬಿ.ಎಸ್. ರಂಗಾ ಅವರ 'ಮಹಿಷಾಸುರ ಮರ್ದಿನಿ'. ಅದಕ್ಕೂ ಒಂದು ವರ್ಷ ಮುಂಚೆ 'ಭೂಕೈಲಾಸ'ದಲ್ಲಿ ರಾವಣ. 1983ರಲ್ಲಿ 'ಭಕ್ತ ಪ್ರಹ್ಲಾದ'ದ ಹಿರಣ್ಯಕಶಿಪು. ಮಗ ಪುನೀತ್ ಪ್ರಹ್ಲಾದ, ಅಪ್ಪ ರಾಜ್ ಹಿರಣ್ಯಕಶಿಪು! ಆ ಪಿಚ್ಚರ್ ನೋಡುವಾಗ ನಿಮ್ಮ ಕಣ್ಣು ಯಾರ ಮೇಲಿತ್ತು, ಎದೆ ಮುಟ್ಟಿ ಹೇಳಿ. ಕಂಬ ಒಡೆದು ನರಸಿಂಹ ಬರುವ ಹೊತ್ತಿಗೆ ನನಗಂತೂ ಅಯ್ಯೋ ಅನ್ನಿಸಿಬಿಟ್ಟಿತ್ತು. ಮಗನನ್ನು ಅಷ್ಟು ಪ್ರೀತಿಸುವ ಅಪ್ಪ ಅಷ್ಟು ಹಟ ಮಾಡಬಾರದಿತ್ತು ಅಂತ. ಭೂಕೈಲಾಸದ ರಾವಣನೂ ಹಾಗೇ. ಆತ್ಮಲಿಂಗಕ್ಕಾಗಿ ಅಷ್ಟು ಪಾಡು ಪಟ್ಟಿದ್ದು ಯಾಕೆ? ಹೆತ್ತ ತಾಯಿಯ ಪೂಜೆಗೆ! ಒಳ್ಳೇ ಮಗ ಮಾಡುವ ಕೆಲಸವೇ ತಾನೆ ಅದು?

ಈಗ ಗರಡಿಮನೆಗೆ ಬನ್ನಿ. ಪಿಚ್ಚರ್ ಬಿಟ್ಟು ಗರಡಿ ಯಾಕೆ ಅಂತೀರಾ? ಇದೆ ಕಾರಣ.

ಮೈಸೂರಿನ ಹಳೇ ಮೊಹಲ್ಲಾಗಳಲ್ಲಿ ಗರಡಿಗಳಿವೆ, ಕೆಂಪು ಮಟ್ಟಿಯ ವಾಸನೆ ಇನ್ನೂ ಇದೆ. ದಸರಾ ಬಂತೆಂದರೆ ನಾಡಕುಸ್ತಿ. ಅದಕ್ಕೆ ಮುಂಚೆ ಒಂದು ದಿನ ಜೋಡಿ ಕಟ್ಟುತ್ತಾರೆ. ಊರೂರಿನಿಂದ ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯ ಉಸ್ತಾದರು ಒಬ್ಬೊಬ್ಬನ ತೂಕ, ವಯಸ್ಸು, ಹಿಂದೆ ಯಾರನ್ನು ಚಿತ್ ಮಾಡಿದ್ದಾನೆ, ಎಲ್ಲ ನೋಡಿ, ಇವನಿಗೆ ಇವನು ಅಂತ ಕೈಗೆ ಕೈ ಸೇರಿಸುತ್ತಾರೆ. ನಮ್ಮ ಕಡೆಯ ಒಬ್ಬ ಮುದುಕ ಪೈಲ್ವಾನರು ಒಮ್ಮೆ ನನಗೆ ಹೇಳಿದ್ದರು. "ಕುಸ್ತಿ ಮಟ್ಟಿ ಮೇಲೆ ನಡೆಯೋದಲ್ಲ ಕಣಪ್ಪ, ಜೋಡಿ ಕಟ್ಟೋವಾಗ್ಲೇ ಅರ್ಧ ನಡೆದುಹೋಗಿರ್ತದೆ. ಆನೆ ಮುಂದೆ ಆಡು ನಿಲ್ಸಿದ್ರೆ ಯಾರು ನೋಡ್ತಾರೆ? ಆನೇಗೂ ಅವಮಾನ, ಆಡಿಗೂ ಪ್ರಾಣ ಹೋಯ್ತು."

ಹುಡುಗರೇ, ನಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಖಳ ಎಷ್ಟು ಕೆಟ್ಟವನು ಅನ್ನೋದು ಲೆಕ್ಕಕ್ಕೇ ಬರೋಲ್ಲ. ಅವನು ಜೋಡಿಯೋ ಅಲ್ಲವೋ ಅಷ್ಟೇ. ನಾಯಕನಿಗೆ ಬೇಕಾದ್ದೇ ಇವನಿಗೂ ಬೇಕು, ನಾಯಕನಿಗೆ ಗೊತ್ತಿರುವ ಪಟ್ಟು ಇವನಿಗೂ ಗೊತ್ತು, ನಾಯಕನ ಗುಟ್ಟು ಅವನ ಹೆಂಡತಿಗಿಂತ ಇವನಿಗೆ ಚೆನ್ನಾಗಿ ಗೊತ್ತು. ಅಂಥವನು ಬಂದು ಎದುರು ನಿಂತಾಗ ಗಾಂಧಿ ಕ್ಲಾಸಿನಲ್ಲಿ ಬೆನ್ನು ನೇರವಾಗುತ್ತೆ.

ನಮ್ಮ ಮೈಸೂರಿನ ಗರಡಿಯಿಂದಲೇ ಬೆಳ್ಳಿತೆರೆಗೆ ಹೋದವರು ಎಂ.ಪಿ. ಶಂಕರ್. ಆಳು ನೋಡಿದರೇ ಎದುರಿನವನಿಗೆ ಜ್ವರ. 'ಸತ್ಯ ಹರಿಶ್ಚಂದ್ರ'ದಲ್ಲಿ (1965) ರಾಜ್ ಹರಿಶ್ಚಂದ್ರ, ಶಂಕರ್ ವೀರಬಾಹು. ಹೊಡೆದಾಟ ಇಲ್ಲ, ಬಡಿದಾಟ ಇಲ್ಲ. ರಾಜನಾಗಿದ್ದವನನ್ನು ಆಳಾಗಿ ಕೊಂಡುಕೊಂಡ ಒಡೆಯ ಅಷ್ಟೆ. ಆದರೂ ಇಬ್ಬರೂ ಒಟ್ಟಿಗೆ ನಿಂತರೆ ತೆರೆ ತುಂಬುತ್ತೆ. ಇದೇ ಶಂಕರ್ 1973ರಲ್ಲಿ ನಿರ್ಮಾಪಕರಾಗಿ ಕನ್ನಡಕ್ಕೆ ಒಂದು ಜೋಡಿ ಕಟ್ಟಿಕೊಟ್ಟರು. ಆ ಕತೆ ಆಮೇಲೆ ಹೇಳುತ್ತೇನೆ. ಅದರಲ್ಲಿ ನಮ್ಮ ಮನೆಯ ಪಾಲೂ ಇದೆ.

ಮೊದಲು ಆ ಜೋಕರ್ ಹುಡುಗನಿಗೆ ನ್ಯಾಯ ಹೇಳೋಣ. ಜೋಕರ್ ಹುಟ್ಟಿದ್ದು 1940ರಲ್ಲಿ, ಬ್ಯಾಟ್‌ಮನ್ ಹೆಸರಿನ ಕಾಮಿಕ್ಸಿನ ಮೊದಲನೇ ಸಂಚಿಕೆಯಲ್ಲಿ. ಅದೇ ಸಂಚಿಕೆಯಲ್ಲೇ ಸಾಯಬೇಕಿತ್ತು! ಸಂಪಾದಕರಿಗೆ ಇವನನ್ನು ಕಳೆದುಕೊಳ್ಳಬಾರದು ಅನ್ನಿಸಿತು. ಕೊನೇ ಗಳಿಗೆಯಲ್ಲಿ ಬದುಕಿದ್ದಾನೆ ಅಂತ ಒಂದು ಚಿತ್ರ ಸೇರಿಸಿದರು. ಅವತ್ತು ಉಳಿದುಕೊಂಡವನು 2008ರ 'ಡಾರ್ಕ್ ನೈಟ್'ನಲ್ಲಿ ಹೀತ್ ಲೆಡ್ಜರ್ ಮುಖ ತೊಟ್ಟು ಬಂದ. ಪಿಚ್ಚರ್ ತೆರೆ ಕಾಣುವ ಮುಂಚೆಯೇ ಆ ನಟ ತೀರಿಹೋಗಿದ್ದ. ಮರುವರ್ಷ ಆಸ್ಕರ್ ಬಂತು. ಈ ಜೋಕರ್‌ಗೆ ದುಡ್ಡು ಬೇಡ, ಕಂತೆ ಕಂತೆ ನೋಟಿಗೆ ಬೆಂಕಿ ಇಡುತ್ತಾನೆ. ಬೇಕಾದ್ದು ಒಂದೇ, ಬ್ಯಾಟ್‌ಮನ್ ತನ್ನ ನಿಯಮ ಮುರಿಯಬೇಕು, ಇವನಂತೆಯೇ ಆಗಬೇಕು. ಜೋಡಿ ಅಂದರೆ ಇದು. ಒಪ್ಪಿದೆ ತಮ್ಮಾ.

ಆದರೆ ಅದೇ 1940ರಲ್ಲಿ ಹುಟ್ಟಿದ ಇನ್ನೊಬ್ಬನನ್ನು ನೋಡು. ಸೂಪರ್‌ಮ್ಯಾನ್‌ನ ವೈರಿ ಲೆಕ್ಸ್ ಲೂಥರ್. ಒಬ್ಬ ಬೆಟ್ಟ ಎತ್ತುವವನು, ಇನ್ನೊಬ್ಬನಿಗೆ ಬರೀ ಮಿದುಳು. ಇಪ್ಪತ್ತು ವರ್ಷ ಹಾಗೇ ಹೊಡೆದಾಡಿದರು. 1960ರಲ್ಲಿ ಬರೆಯುವವರಿಗೆ ಏನೋ ಕೊರತೆ ಕಂಡಿತು. ಇಬ್ಬರೂ ಒಂದೇ ಊರಿನ ಹುಡುಗರು, ಬಾಲ್ಯದ ಗೆಳೆಯರು ಅಂತ ಕತೆ ಸೇರಿಸಿದರು. ಆಗ ಹಗೆಗೆ ಉಪ್ಪು ಖಾರ ಬಂತು! ಅಮೆರಿಕದವರಿಗೆ ಇಪ್ಪತ್ತು ವರ್ಷ ಹಿಡಿದ ಈ ಸಂಗತಿ ನಮ್ಮಲ್ಲಿ ಅಜ್ಜಿಗೂ ಗೊತ್ತು. ಅದಕ್ಕೆ ನಮ್ಮಲ್ಲಿ ಒಂದು ಹೆಸರೇ ಇದೆ. ದಾಯಾದಿ.

ಹೌದು ಸ್ವಾಮೀ. ಹೊರಗಿನಿಂದ ಬಂದವನು ಬರೀ ಕಳ್ಳ. ಮನೆಯೊಳಗೇ ಹುಟ್ಟಿ, ಒಂದೇ ಅಟ್ಟದ ಕೆಳಗೆ ಉಂಡು, ಒಂದೇ ಜಮೀನಿನ ಬದುವಿಗಾಗಿ ಕೋರ್ಟು ಹತ್ತುವವನು ದಾಯಾದಿ. ಮಹಾಭಾರತ ಪೂರ್ತಿ ಅದೇ ತಾನೆ? ಪಿಯುಸಿಯಲ್ಲಿ ನನಗೆ ತಲೆಗೆ ಹತ್ತಿದ ಪಾಠ ಒಂದೇ, ರನ್ನನ ಗದಾಯುದ್ಧದ್ದು. ಅದರಲ್ಲಿ ದುರ್ಯೋಧನ ರಣರಂಗದ ಹೆಣಗಳ ನಡುವೆ ನಡೆದುಹೋಗುತ್ತಾ ಅಭಿಮನ್ಯುವಿನ ಹೆಣ ಕಂಡು ನಿಲ್ಲುತ್ತಾನೆ. ಶತ್ರುವಿನ ಮಗ! ನಿಂತು ಅವನ ವೀರವನ್ನು ಹೊಗಳುತ್ತಾನೆ. ಆ ಕ್ಷಣದಲ್ಲಿ ಕ್ಲಾಸಿನ ಹುಡುಗರೆಲ್ಲ ಖಳನ ಪಾರ್ಟಿ ಆಗಿಬಿಟ್ಟಿದ್ದೆವು. ಕವಿ ರನ್ನ ಸಾವಿರ ವರ್ಷದ ಹಿಂದಿನವನು. ಗಾಂಧಿ ಕ್ಲಾಸಿನವರ ನಾಡಿ ಎಷ್ಟು ಚೆನ್ನಾಗಿ ಹಿಡಿದಿದ್ದ!

ಕನ್ನಡ ಪಿಚ್ಚರ್‌ಗಳಲ್ಲಿ ಈ ರುಚಿ ಬೇಕಾದಷ್ಟಿದೆ. ಹುಣಸೂರು ಕೃಷ್ಣಮೂರ್ತಿಯವರ 'ಬಭ್ರುವಾಹನ' (1977) ನೋಡಿ. ಅಪ್ಪ ಅರ್ಜುನನೂ ರಾಜ್, ಮಗ ಬಭ್ರುವಾಹನನೂ ರಾಜ್. ಎದುರಾಳಿಗೆ ನಾಯಕನದೇ ಮುಖ! ಇದಕ್ಕಿಂತ ಸಮ ಜೋಡಿ ಯಾವ ಉಸ್ತಾದರು ಕಟ್ಟಿಯಾರು? ಮರುವರ್ಷ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಬಂತು. ದಾಯಾದಿಗಳ ಜಗಳದಲ್ಲಿ ಎರಡು ಕಡೆಗೆ ಇಬ್ಬರು ಕಲಿಗಳು. ಶಂಕರ್‌ನಾಗ್ ಗಂಡುಗಲಿ, ಸುಂದರಕೃಷ್ಣ ಅರಸು ಪೆರ್ಮಾಡಿ. ಒಬ್ಬರ ಕೈ ಇನ್ನೊಬ್ಬರು ಅಳೆಯುತ್ತಾರೆ, ಅಳೆಯುತ್ತ ಅಳೆಯುತ್ತ ಗೌರವ ಬೆಳೆಯುತ್ತೆ. ಕಡೆಗೆ ತಮ್ಮ ತಮ್ಮ ಧಣಿಗಳಿಗಿಂತ ಎದುರಾಳಿಯೇ ವಾಸಿ ಅನ್ನುವ ಹಂತ! ನೋಡಿಲ್ಲದವರು ಇವತ್ತೇ ನೋಡಿ.

ಇನ್ನು ವಜ್ರಮುನಿ. ಕಣ್ಣು ಬಿಡ್ತಾರೆ, ಕೂಗ್ತಾರೆ ಅಂದನಲ್ಲ ಆ ಹುಡುಗ, ಬೇಜಾರಾಯ್ತು. ಬೆಂಗಳೂರಿನ ಹುಡುಗ, ನಾಟಕದ ಹುಚ್ಚು. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಲ್ಲಿ ರಾವಣನಾಗಿ ಗುಡುಗಿದವರು. ಪುಟ್ಟಣ್ಣ ಕಣಗಾಲ್ ಕಣ್ಣಿಗೆ ಬಿದ್ದರು, 1969ರ 'ಮಲ್ಲಮ್ಮನ ಪವಾಡ'ದಿಂದ ತೆರೆಗೆ ಬಂದರು. ರಂಗದ ಮೇಲೆ ರಾವಣನಾಗಿದ್ದವರು ಅಂದೆನಲ್ಲ, ಅದನ್ನು ಮರೆಯಬೇಡಿ. ರಾವಣ ಮಾಡಿದವನಿಗೆ ತಾನು ಕೆಟ್ಟವನು ಅನ್ನುವ ಭಾವವೇ ಇರೋಲ್ಲ. ತಾನು ದೊರೆ, ಎದುರಿಗಿರುವವನು ಅಡವಿ ಅಲೆಯುವವನು! ಆ ಠೀವಿಯನ್ನು ಅವರು ಸಾಹುಕಾರನ ಪಂಚೆಗೂ ತಂದರು, ಸ್ಮಗ್ಲರ್ ಕೋಟಿಗೂ ತಂದರು. 'ಸಂಪತ್ತಿಗೆ ಸವಾಲ್' (1974), 'ಮಯೂರ' (1975), 'ಗಿರಿಕನ್ಯೆ' (1977), 'ಶಂಕರ್ ಗುರು' (1978) ಎಲ್ಲವನ್ನೂ ಸಾಲಾಗಿ ನೋಡಿ. ವಜ್ರಮುನಿ ಮಾತು ಶುರು ಮಾಡಿದರೆ ಅಣ್ಣಾವ್ರು ಸುಮ್ಮನೆ ಕೇಳುತ್ತಾರೆ. ಗಮನಿಸಿದ್ದೀರಾ? ಪೂರ್ತಿ ಕೇಳುತ್ತಾರೆ, ಮಧ್ಯೆ ಬಾಯಿ ಹಾಕೋಲ್ಲ. ಆಮೇಲೆ ಉತ್ತರ. ನಾಟಕದಿಂದ ಬಂದ ಇಬ್ಬರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುವ ರೀತಿ ಅದು. ಹೊಡೆದಾಟಕ್ಕೆ ಮುಂಚೆ ಮಾತಿನಲ್ಲೇ ಒಂದು ಸುತ್ತು ಕುಸ್ತಿ ಮುಗಿದಿರುತ್ತೆ.

ಮಯೂರನ ಕತೆಯನ್ನೇ ತಗೊಳ್ಳಿ. ತಾಳಗುಂದದ ಶಾಸನದಲ್ಲೇ ಇರುವ ಸಂಗತಿ ಅದು. ಬ್ರಾಹ್ಮಣ ಹುಡುಗ ಮಯೂರಶರ್ಮ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ, ಅವಮಾನ. ದರ್ಭೆ ಹಿಡಿಯುವ ಕೈ ಕತ್ತಿ ಹಿಡಿಯಿತು. ಕದಂಬರ ರಾಜ್ಯ ಎದ್ದಿತು. ಶರ್ಮ ಹೋಗಿ ವರ್ಮ ಆದ! ಯೋಚನೆ ಮಾಡಿ, ಆ ಸವಾರ ಅವತ್ತು ಸುಮ್ಮನೆ ತನ್ನ ಪಾಡಿಗೆ ಹೋಗಿದ್ದರೆ? ಮಯೂರ ನಾಲ್ಕು ವೇದ ಓದಿ ಊರಿಗೆ ವಾಪಸ್ ಬಂದು ಪಾಠ ಹೇಳಿಕೊಂಡು ಇರುತ್ತಿದ್ದ. ನಮಗೆ ಬನವಾಸಿಯೂ ಇಲ್ಲ, ಪಿಚ್ಚರೂ ಇಲ್ಲ. ನಾಯಕನ ಹೆಸರನ್ನೇ ಬದಲಾಯಿಸುವವನು ಖಳ.

ಖಳ ತನ್ನ ಹೆಸರನ್ನೂ ಕಳೆದುಕೊಳ್ಳುತ್ತಾನೆ ಅನ್ನೋದು ಇನ್ನೊಂದು ತಮಾಷೆ. ನಮ್ಮ ಮೈಸೂರಿನವರೇ ಆದ ಶ್ರೀನಿವಾಸ್ 1966ರಲ್ಲಿ 'ತೂಗುದೀಪ' ಅನ್ನುವ ಪಿಚ್ಚರ್ ಮಾಡಿದರು. ಆಮೇಲೆ ಜನ್ಮಪೂರ್ತಿ ತೂಗುದೀಪ ಶ್ರೀನಿವಾಸ್. ಮೈಸೂರಿನಲ್ಲೇ ಇಂಜಿನಿಯರಿಂಗ್ ಓದಿದ ಧನಂಜಯ, ಸೂರಿಯವರ 'ಟಗರು' (2018) ಪಿಚ್ಚರಿನಲ್ಲಿ ಶಿವಣ್ಣನ ಎದುರು ನಿಂತು ಡಾಲಿ ಆದರು. ಈಗ ನಾಯಕನಾಗಿ ನಟಿಸಿದರೂ ಜನ ಡಾಲಿ ಅಂತಲೇ ಕರೆಯುತ್ತಾರೆ.

ಈಗಿನ ಪಿಚ್ಚರ್‌ಗಳ ಬಗ್ಗೆ ನನ್ನದೊಂದು ದೂರಿದೆ. ನಾಯಕ ಐವತ್ತು ಜನರನ್ನು ಹೊಡೆಯುತ್ತಾನೆ, ನೂರು ಜನರನ್ನು ಹೊಡೆಯುತ್ತಾನೆ. ಒಬ್ಬನ ಮುಖವೂ ನೆನಪಿರೋಲ್ಲ. ಆನೆ ಮುಂದೆ ಆಡು! ಇಲ್ಲವೇ ಮುಂಬೈಯಿಂದ ಎತ್ತರದ ಖಳನನ್ನು ಕರೆಸುತ್ತಾರೆ, ಅವನ ಬಾಯಿಗೆ ಬೇರೆ ಯಾರೋ ದನಿ ಕೊಡುತ್ತಾರೆ. ನಾಯಕನನ್ನು 'ಲೋ' ಅನ್ನುವಾಗ ಆ 'ಲೋ' ಹೊಟ್ಟೆಯಿಂದ ಬರೋಲ್ಲ. 'ಕೆಜಿಎಫ್'ನ ಎರಡನೇ ಭಾಗದಲ್ಲಿ (2022) ಸಂಜಯ್ ದತ್ ಅಧೀರನಾಗಿ ದೊಡ್ಡದಾಗಿಯೇ ಬಂದರು. ಆದರೆ ನನ್ನ ಮಟ್ಟಿಗೆ ಮೊದಲ ಭಾಗದ (2018) ಗರುಡನೇ ಗರುಡ. ಆ ಪಾತ್ರ ಮಾಡಿದ ರಾಮಚಂದ್ರ ರಾಜು ಅದಕ್ಕೂ ಮುಂಚೆ ಯಶ್ ಅವರಿಗೇ ಅಂಗರಕ್ಷಕರಾಗಿದ್ದವರು. ಬೆನ್ನ ಹಿಂದೆ ನಿಂತಿದ್ದವನೇ ಎದುರು ಬಂದು ನಿಂತರೆ ಹೇಗಿರಬೇಡ! 'ಕಾಂತಾರ' (2022) ಗೆದ್ದಿದ್ದೂ ಇದೇ ಗುಟ್ಟಿನಿಂದ. ಅರಣ್ಯಾಧಿಕಾರಿ ಕಿಶೋರ್ ಖಳ ಅಂತ ಅರ್ಧ ಪಿಚ್ಚರ್ ಹಲ್ಲು ಕಡಿಯುತ್ತೇವೆ. ನಿಜವಾದ ಖಳ ಊರಿನ ಧಣಿ, ಮನೆಯವನಂತೆ ಪಕ್ಕದಲ್ಲೇ ಕೂತು ಉಣ್ಣುತ್ತಿರುತ್ತಾನೆ.

ಈಗ 1973ರ ಕತೆ. 'ಗಂಧದ ಗುಡಿ'.

ಎಂ.ಪಿ. ಶಂಕರ್ ನಿರ್ಮಾಣ, ವಿಜಯ್ ನಿರ್ದೇಶನ. ಕಾಡು ಉಳಿಸುವ ಅರಣ್ಯಾಧಿಕಾರಿ ಕುಮಾರ್ ಆಗಿ ರಾಜ್. ಎದುರಿಗೆ ಆನಂದ್ ಆಗಿ ವಿಷ್ಣುವರ್ಧನ್. ಮೈಸೂರಿನಲ್ಲೇ ಹುಟ್ಟಿದ ಹುಡುಗ, 'ನಾಗರಹಾವು' ಬಂದು ವರ್ಷ ಕೂಡ ಆಗಿರಲಿಲ್ಲ. ಹಗೆಗಳಾಗಿ ನಿಂತವರು ಕಡೆಗೆ ಅಣ್ಣತಮ್ಮಂದಿರು ಅಂತ ತಿಳಿಯುತ್ತೆ. ದಾಯಾದಿ ಕತೆಗೆ ಇದಕ್ಕಿಂತ ಏನು ಬೇಕು? ಪಿಚ್ಚರ್ ಓಡಿತು. ಆದರೆ ತೆರೆಯ ಮೇಲಿನ ಹಗೆ ತೆರೆ ಹರಿದುಕೊಂಡು ಹೊರಗೆ ಬಂತು. ಗಾಳಿಸುದ್ದಿ, ಅನುಮಾನ, ಎರಡು ಪಂಗಡ. ಆ ಜೋಡಿಯನ್ನು ಮತ್ತೆ ಯಾರೂ ಕಟ್ಟಲಾಗಲಿಲ್ಲ. ಇಬ್ಬರೂ ಒಟ್ಟಿಗೆ ನಟಿಸಿದ್ದು ಅದೊಂದೇ ಪಿಚ್ಚರ್.

ಆ ಎರಡು ಪಂಗಡ ನಮ್ಮ ಮನೆಯಲ್ಲೇ ಇತ್ತು. ನಮ್ಮಪ್ಪ ವಿಷ್ಣು ಕಡೆ. ಟೈಲರ್. ಅವರದೇ ಬೀದಿಯಲ್ಲಿದ್ದ ನನ್ನ ಸೋದರಮಾವ ರಾಜ್ ಕಡೆ. ಆಮೇಲೆ ಬಸ್ ಕಂಡಕ್ಟರ್ ಆದರು. ಗಂಧದ ಗುಡಿ ಬಂದಾಗ ಇಬ್ಬರಿಗೂ ಹನ್ನೊಂದು ವರ್ಷವಂತೆ. ಟೆಂಟಿನಿಂದ ಬರುವ ದಾರಿಯಲ್ಲೇ ಮೊದಲ ಏಟು ಬಿತ್ತು, ಮಾವನ ಹಲ್ಲು ಮುರಿಯಿತು. ಪೋಸ್ಟರ್‌ಗೆ ಸಗಣಿ, ಗೋಡೆ ಮೇಲೆ ಬೈಗುಳ, ಹಬ್ಬದ ದಿನವೂ ಮುಖ ನೋಡದಷ್ಟು ಹಗೆ. ಇಷ್ಟಾದ ಮೇಲೆ ಅಪ್ಪ ಹೋಗಿ ಆ ವೈರಿಯ ತಂಗಿಯನ್ನೇ ಮದುವೆಯಾದರು! 'ಲೋ' ಹೋಗಿ 'ಭಾವ' ಬಂತು, ಜಗಳ ಮಾತ್ರ ಹಾಗೇ ಉಳಿಯಿತು. ನಾನು ತೊಟ್ಟಿಲಲ್ಲಿದ್ದಾಗ ಲಾಲಿಗಿಂತ ಹೆಚ್ಚಾಗಿ ಕೇಳಿದ್ದು ಆ ವಾದಗಳನ್ನೇ ಇರಬೇಕು.

2000ನೇ ಇಸವಿ ಜುಲೈ 30ರ ರಾತ್ರಿ ಗಾಜನೂರಿನಲ್ಲಿ ವೀರಪ್ಪನ್ ರಾಜಕುಮಾರ್ ಅವರನ್ನು ಎತ್ತಿಕೊಂಡು ಹೋದ. ಗಂಧದ ಕಳ್ಳರ ವಿರುದ್ಧ ನಿಂತ ನಾಯಕನನ್ನು ಗಂಧದ ಕಳ್ಳನೇ ಹೊತ್ತುಕೊಂಡು ಹೋದ! ಯಾವ ಕತೆಗಾರನೂ ಬರೆಯಲು ನಾಚುವಂಥ ಕತೆ. ಅಣ್ಣಾವ್ರಿಗೆ ಆಗ 71 ವರ್ಷ. 108 ದಿನ ಕಾಡಿನಲ್ಲಿ.

ಆ ಜೋಕರ್ ಹುಡುಗ ಇದೊಂದು ಸಂಗತಿ ಕೇಳಬೇಕು. ವೀರಪ್ಪನ್ ಮೀಸೆಯನ್ನು ಮೆಚ್ಚಿಕೊಂಡು ಮಾತಾಡುವ ಹುಡುಗರನ್ನು ನಾನು ನೋಡಿದ್ದೇನೆ. ಪಿ. ಶ್ರೀನಿವಾಸ್ ಅಂತ ಒಬ್ಬ ಅರಣ್ಯಾಧಿಕಾರಿ ಇದ್ದರು, ಪಿಚ್ಚರಿನ ಕುಮಾರ್ ಅಲ್ಲ, ನಿಜವಾದವರು. ವೀರಪ್ಪನ್ ಊರಾದ ಗೋಪಿನಾಥದ ಜನರಿಗೆ ಗುಡಿ ಕಟ್ಟಿಸಿಕೊಟ್ಟವರು. ಶರಣಾಗುತ್ತೇನೆ ಅನ್ನುವ ಮಾತು ನಂಬಿ ಕಾಡಿಗೆ ಹೋದರು. 1991ರ ನವೆಂಬರ್‌ನಲ್ಲಿ ಅವರ ತಲೆ ಕಡಿದ. ಅಲ್ಲಿ ಜೋಡಿ ಇಲ್ಲ, ಮಾತಿಗೆ ಮಾತಿಲ್ಲ, ಎದುರಿನವನಿಗೆ ಜಾಗ ಬಿಟ್ಟುಕೊಡುವುದಿಲ್ಲ. ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ನೋಡಿದ್ದೀರಲ್ಲ? ಜಟ್ಟಿಗಳು ತಲೆ ಬೋಳಿಸಿಕೊಂಡು ಮುಷ್ಟಿಗೆ ಆಯುಧ ಕಟ್ಟಿ ಇಳಿಯುತ್ತಾರೆ. ಮೊದಲ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತೆ. ಅದು ಹಗೆಯ ಕಟ್ಟುಪಾಡು. ಕಾಡುಗಳ್ಳನಿಗೆ ಅಂಥ ಕಟ್ಟುಪಾಡು ಎಲ್ಲಿಂದ ಬರಬೇಕು?

ಆ 108 ದಿನದ ಮಧ್ಯೆ ಒಂದು ದಿನ ಮಾವ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತುವ ಹರಕೆ ಹೊತ್ತರು. ನಾನು ಆಗ ಮೂರು ವರ್ಷದ ಕೂಸು, ಇದು ಅಮ್ಮ ಹೇಳಿದ ಕತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಟಾಗ ಬಾಗಿಲಲ್ಲಿ ಅಪ್ಪ ಚಪ್ಪಲಿ ಇಲ್ಲದೆ ನಿಂತಿದ್ದರಂತೆ.

"ನೀವ್ಯಾಕೆ ಭಾವ? ನಿಮ್ಮೋರೇನೂ ಕಾಡಲ್ಲಿಲ್ವಲ್ಲ."

"ಅವ್ರು ಬರ್ಲಿಲ್ಲ ಅಂದ್ರೆ ನಾನು ಯಾರ್ ಮೇಲೆ ಜಗಳ ಆಡ್ಲಿ? ನಡೀರಿ ಸುಮ್ನೆ."

ಇಬ್ಬರೂ ಹತ್ತಿದರು. ನವೆಂಬರ್ 15ಕ್ಕೆ ಅಣ್ಣಾವ್ರು ಬಿಡುಗಡೆಯಾದರು. 16ನೇ ತಾರೀಕು ನಮ್ಮ ಮನೆಯಲ್ಲಿ ಜಗಳ ಮತ್ತೆ ಶುರುವಾಯಿತಂತೆ, ಮೊದಲಿಗಿಂತ ಜೋರಾಗಿ.

2006ರ ಜನವರಿ 5ಕ್ಕೆ ವಜ್ರಮುನಿ ತೀರಿಕೊಂಡರು. ಏಪ್ರಿಲ್ 12ಕ್ಕೆ ರಾಜ್. ಮೂರು ತಿಂಗಳು ಒಂದು ವಾರ. ಖಳ ಮುಂದೆ ಹೋದ, ನಾಯಕ ಹಿಂದೆಯೇ ಹೋದ. ಅವತ್ತು ಅಪ್ಪ ಅಂಗಡಿಗೆ ಬೀಗ ಹಾಕಿ ಮಾವನ ಮನೆಗೆ ಹೋಗಿ ಮೂರು ದಿನ ಅಲ್ಲೇ ಇದ್ದರು.

2009ರ ಡಿಸೆಂಬರ್ 30 ನನಗೆ ಚೆನ್ನಾಗಿ ನೆನಪಿದೆ, ನನಗೆ ಹನ್ನೆರಡು. ಮೈಸೂರಿಗೆ ಬಂದಿದ್ದ ವಿಷ್ಣುವರ್ಧನ್ ಇಲ್ಲೇ ತೀರಿಕೊಂಡರು ಅನ್ನುವ ಸುದ್ದಿ ಬೆಳಿಗ್ಗೆ ಬಂತು. ಅಪ್ಪ ಹೊಲಿಗೆ ಮಿಷನ್ ಮುಂದೆ ಕೂತಿದ್ದರು, ಕಾಲು ಪೆಡಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ. ಮಾವ ಯೂನಿಫಾರಂನಲ್ಲೇ ಬಂದರು, ಡ್ಯೂಟಿ ಬಿಟ್ಟು. ಏನೂ ಮಾತಾಡಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕೂತು, ಅರ್ಧ ಹೊಲಿದಿದ್ದ ಯಾರದೋ ಶರಟಿನ ದಾರ ಕೀಳುತ್ತಾ ಇದ್ದರು. ಮಧ್ಯಾಹ್ನದವರೆಗೂ ಹಾಗೇ.

ಈಗಿನ ಫ್ಯಾನ್ ವಾರ್ ನೋಡುವಾಗ ನನಗೆ ಆ ಸ್ಟೂಲು ನೆನಪಾಗುತ್ತೆ. ಫೋನಿನೊಳಗೆ ಬೈದಾಡುವವರಿಗೆ ಎದುರಿನವನ ಮುಖವೇ ಗೊತ್ತಿಲ್ಲ. ಹೆಸರು ಕೂಡ ಸುಳ್ಳು. ಅವನ ತಾಯಿಯನ್ನು, ಹೆಂಡತಿಯನ್ನು ಎಳೆದು ತರುತ್ತಾರೆ. ಯಾವ ನಟನ ಕಡೆಯವರು ಅಂತ ಬರೆಯೋಲ್ಲ, ಎಲ್ಲ ಕಡೆಯೂ ಇದ್ದಾರೆ. ನಾನೂ ಹದಿನೆಂಟನೇ ವಯಸ್ಸಿನಲ್ಲಿ ಅದನ್ನೇ ಮಾಡಿದವನು. ರಾತ್ರಿ ಎರಡು ಗಂಟೆಗೆ ಗುರುತಿಲ್ಲದ ಒಬ್ಬನಿಗೆ ನಾನು ಬರೆದದ್ದನ್ನು ಅಪ್ಪ ಬೆಳಿಗ್ಗೆ ನನ್ನ ಫೋನಿನಲ್ಲಿ ಓದಿದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. "ಇವನ ಮನೆ ಯಾವ ಬೀದೀಲಿದೆ?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. "ಹಂಗಾದ್ರೆ ಇವನು ಸತ್ತರೆ ನೀನು ಎಲ್ಲಿಗೆ ಹೋಗ್ತೀಯ?" ಅಂದು ಫೋನು ಮೇಜಿನ ಮೇಲಿಟ್ಟು ಅಂಗಡಿಗೆ ಹೋದರು.

2023ರ ಜನವರಿಯಲ್ಲಿ ಎಚ್.ಡಿ. ಕೋಟೆ ರಸ್ತೆಯಲ್ಲಿ ಉದ್ಬೂರು ಗೇಟಿನ ಹತ್ತಿರ ವಿಷ್ಣು ಸ್ಮಾರಕ ತೆರೆಯಿತು. ಮುಂದಿನ ಭಾನುವಾರವೇ ಅಪ್ಪನ ಹಳೇ ಸ್ಕೂಟರಿನಲ್ಲಿ ಇಬ್ಬರೂ ಹೊರಟರು, ಅಪ್ಪ ಮುಂದೆ, ಮಾವ ಹಿಂದೆ. ನಾನು ಬೈಕಿನಲ್ಲಿ ಅವರ ಹಿಂದೆ. ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ, ಆದರೆ ಮಾವನ ಕೈ ಆಡುವುದು ನೋಡಿದರೇ ಗೊತ್ತಾಗುತ್ತಿತ್ತು ಯಾವ ವಿಷಯ ಅಂತ. ಸ್ಮಾರಕದಲ್ಲಿ ವಿಗ್ರಹದ ಮುಂದೆ ಮಾವ ಚಪ್ಪಲಿ ಬಿಟ್ಟು ಕೈ ಮುಗಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಮೆಲ್ಲಗೆ,

"ಏನೇ ಹೇಳಿ ಭಾವ, ಗಂಧದ ಗುಡೀಲಿ ಭಾರಿಯಾಗಿ ಮಾಡಿದೋರು ನಮ್ಮೋರೇ."

"ಹಲ್ಲು ಇನ್ನೂ ಎಷ್ಟು ಉಳಿದವೆ ಬಾಯಲ್ಲಿ?" ಅಂದರು ಅಪ್ಪ.

ವಾಪಸ್ ಬರುವಾಗ ಸ್ಕೂಟರ್ ಕೆಟ್ಟಿತು. ಇಬ್ಬರೂ ತಳ್ಳಿಕೊಂಡು ಬಂದರು, ವಾದ ಮಾಡುತ್ತಲೇ.